ಇಂಗ್ಲೆಂಡಲ್ಲಿ ಮನೆ ತಗೊಳ್ಳೋಕೆ ಯಾವ ಸಾಲಿಸಿಟರ್? ಮೂರು ಥರದವರ ಹತ್ರ ಹೋಗಿ ಬಂದ ಮೇಲೆ

ನಾವು ರೆಡಿಂಗ್‌ಗೆ ಬಂದ ಮೇಲೆ ಮನೆ ವಿಷಯಕ್ಕೆ ಮೂರು ಸಲ ಸಾಲಿಸಿಟರ್ (ಮನೆ ವ್ಯವಹಾರ ನೋಡ್ಕೊಳ್ಳೋ ಲಾಯರ್) ಹಿಡಿದಿದೀವಿ, ಮೂರೂ ಸಲ ಬೇರೆ ಬೇರೆ ಥರದವರು. ಮೊದಲು ಏಜೆಂಟ್ ಹೇಳಿದವರು, ಆಮೇಲೆ ಆನ್‌ಲೈನ್ ಕಂಪನಿ, ಕೊನೆಗೆ ನಮ್ಮ ಏರಿಯಾದಲ್ಲೇ ಆಫೀಸ್ ಇಟ್ಕೊಂಡಿರೋ ಲಾಯರ್. ಈಗ ಚಿಕ್ಕಮ್ಮನ ಮಗಳು ಸ್ವಿಂಡನ್‌ನಲ್ಲಿ ಮನೆ ನೋಡ್ತಿದಾಳೆ, "ಅಕ್ಕಾ ಯಾರನ್ನ ಹಿಡೀಲಿ, ಒಬ್ಬೊಬ್ರು ಒಂದೊಂದು ರೇಟ್ ಹೇಳ್ತಿದಾರೆ" ಅಂದ್ಲು, ಅವಳಿಗೆ ಫೋನಲ್ಲಿ ಹೇಳಿದ್ದನ್ನೇ ಇಲ್ಲಿ ಬರೀತಿದೀನಿ, ಇನ್ಯಾರಿಗಾದ್ರೂ ಆಗ್ಬಹುದು.

ಊರಲ್ಲಾದ್ರೆ ಬ್ಯಾಂಕಿನ ಪ್ಯಾನೆಲ್ ಲಾಯರ್ ಒಬ್ರು ಲೀಗಲ್ ಒಪಿನಿಯನ್ ಕೊಡ್ತಾರೆ, ಧೈರ್ಯಕ್ಕೆ ನಾವೂ ಗೊತ್ತಿರೋ ಲಾಯರ್‌ಗೆ ಮೂಲಪತ್ರ, ಇಸಿ, ಖಾತಾ ತೋರಿಸ್ತೀವಿ. ಇಲ್ಲಿ ಸಾಮಾನ್ಯವಾಗಿ ಒಬ್ಬರೇ ಸಾಲಿಸಿಟರ್ ನಮಗೂ ಬ್ಯಾಂಕಿಗೂ ಸೇರಿಸಿ ಕೆಲಸ ಮಾಡೋದು. ಕೌನ್ಸಿಲ್ ಸರ್ಚು (ಊರಿನ ಆಡಳಿತದ ದಾಖಲೆಯಲ್ಲಿ ಮನೆ ಬಗ್ಗೆ ಏನಿದೆ ಅಂತ ಹುಡುಕೋದು), ನೀರು ಡ್ರೈನೇಜ್ ಸರ್ಚು, ಟೈಟಲ್ ನೋಡೋದು, ಕಾಂಟ್ರಾಕ್ಟ್ ಎಕ್ಸ್‌ಚೇಂಜ್ ಮಾಡೋದು (ಇಬ್ಬರ ಸಹಿ ಆಗಿ ವ್ಯಾಪಾರ ಪಕ್ಕಾ ಆಗೋದು), ದುಡ್ಡು ಕಳ್ಸೋದು, ಕಂಪ್ಲೀಷನ್ (ಪೂರ್ತಿ ದುಡ್ಡು ಕೊಟ್ಟು ಮನೆ ಕೈಗೆ ಬರೋದು) ಆದ 14 ದಿನದೊಳಗೆ ಸ್ಟ್ಯಾಂಪ್ ಡ್ಯೂಟಿ ರಿಟರ್ನ್ ಹಾಕೋದು, ಲ್ಯಾಂಡ್ ರಿಜಿಸ್ಟ್ರಿಯಲ್ಲಿ ನಮ್ಮ ಹೆಸರು ಬರ್ಸೋದು, ಎಲ್ಲ ಅವರದೇ. ಅದಕ್ಕೇ ಅವರು ಮಾರ್ಗೇಜ್ (ಮನೆ ಸಾಲ) ಕೊಡೋ ಬ್ಯಾಂಕಿನ ಪ್ಯಾನೆಲ್‌ನಲ್ಲಿ, ಅಂದ್ರೆ ಬ್ಯಾಂಕು ಒಪ್ಪಿದ ಲಾಯರ್‌ಗಳ ಪಟ್ಟಿಯಲ್ಲಿ ಇರ್ಬೇಕು, ಇಲ್ಲ ಅಂದ್ರೆ ಬ್ಯಾಂಕು ಬೇರೆ ಲಾಯರ್ ಇಟ್ಟು ಆ ಖರ್ಚೂ ನಮ್ಮ ತಲೆಗೇ ಬರುತ್ತೆ. ಫೋನ್ ಮಾಡಿದ ತಕ್ಷಣ ಕೇಳ್ಬೇಕಾದ ಮೊದಲ ಪ್ರಶ್ನೆ ಇದು, ರೇಟ್ ಆಮೇಲೆ.

2021ರಲ್ಲಿ ಒಂದು ಲೀಸ್‌ಹೋಲ್ಡ್ ಫ್ಲಾಟ್‌ಗೆ (ಜಾಗ ಬೇರೆಯವರದು, ನಮಗೆ ಇಷ್ಟು ವರ್ಷ ಅಂತ ಹಕ್ಕು ಮಾತ್ರ) ಆಫರ್ ಹಾಕಿದ್ವಿ. ಎಸ್ಟೇಟ್ ಏಜೆಂಟ್ "ಇವರನ್ನೇ ತಗೊಳ್ಳಿ, ನಮ್ಮ ಜೊತೆ ದಿನಾ ಕೆಲಸ ಮಾಡ್ತಾರೆ, ಬೇಗ ಆಗುತ್ತೆ" ಅಂದ, ನಮಗೂ ಏನೂ ಗೊತ್ತಿರ್ಲಿಲ್ಲ, ಹೂಂ ಅಂದ್ವಿ. ಫೀಸು 1,450 ಪೌಂಡ್ ಜೊತೆಗೆ ವ್ಯಾಟ್. ಅದರಲ್ಲಿ ನಮ್ಮನ್ನ ಕಳಿಸಿದ್ದಕ್ಕೆ ಅಂತ ಏಜೆಂಟ್‌ಗೆ ಹೋಗೋ ರೆಫರಲ್ ಫೀಸೂ ಇತ್ತು, ಅದನ್ನ ಅವರು ನಮಗೆ ತಿಳಿಸ್ಲೇಬೇಕು, ಪೇಪರಲ್ಲಿ ಬರೆದೂ ಇದ್ರು, ನಾವೇ ಓದಿರ್ಲಿಲ್ಲ. ರೆಫರಲ್ ಫೀಸ್ ತಗೊಂಡ್ರು ಅಂತ ನನಗೆ ಬೇಜಾರಿಲ್ಲ, ಬೇಜಾರಾಗಿದ್ದು ಬೇರೆ. ಲೀಸ್ ಕಾಪಿ ಎರಡನೇ ವಾರದಲ್ಲೇ ಅವರ ಕೈಗೆ ಬಂದಿತ್ತು. ಆರನೇ ಪುಟದಲ್ಲೇ ಇತ್ತು, ಗ್ರೌಂಡ್ ರೆಂಟ್ (ಜಾಗದ ಮಾಲೀಕರಿಗೆ ಕೊಡೋ ಬಾಡಿಗೆ) ಹತ್ತು ವರ್ಷಕ್ಕೊಂದು ಸಲ ಡಬಲ್ ಆಗುತ್ತೆ ಅಂತ. ಅವರು ಅದನ್ನ ನೋಡಿ ನಮಗೆ ಹೇಳಿದ್ದು ಒಂಬತ್ತನೇ ವಾರದಲ್ಲಿ, ಅದೂ ನಾನು ಮೂರು ಸಲ ಫೋನ್ ಮಾಡಿದ ಮೇಲೆ. ಬ್ಯಾಂಕು ಈ ಲೀಸ್ ಮೇಲೆ ಸಾಲ ಆಗಲ್ಲ ಅಂತು. ಅಷ್ಟೊತ್ತಿಗೆ ಸರ್ಚ್‌ಗೆ ಮತ್ತು ಕಟ್ಟಡ ಪರೀಕ್ಷೆ ಮಾಡೋ ಸರ್ವೇಗೆ ಕೊಟ್ಟ ಸುಮಾರು 900 ಪೌಂಡ್ ಹೋಗಿತ್ತು. ಎರಡನೇ ವಾರದಲ್ಲೇ ಆ ಪುಟ ಓದಿದ್ರೆ ಅಷ್ಟೂ ಉಳೀತಿತ್ತಲ್ಲ ಅಂತ ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತೆ.

ಮಾರನೇ ವರ್ಷ ಇನ್ನೊಂದು ಫ್ಲಾಟ್ ಸಿಕ್ತು. ಈ ಸಲ ಏಜೆಂಟ್ ಮಾತು ಬೇಡ ಅಂತ ಆನ್‌ಲೈನ್ ಕಂಪನಿಗೆ ಹೋದ್ವಿ, 699 ಪೌಂಡ್ ಅಂತ ದೊಡ್ಡ ಅಕ್ಷರದಲ್ಲಿತ್ತು. ಮುಂದೆ ಲೀಸ್‌ಹೋಲ್ಡ್ ಅಂತ ಎಕ್ಸ್ಟ್ರಾ, ಮಾರ್ಗೇಜ್ ಇದೆ ಅಂತ ಎಕ್ಸ್ಟ್ರಾ, ಅಪ್ಪ ಕೊಟ್ಟ ಗಿಫ್ಟ್ ದುಡ್ಡಿದೆ ಅಂತ ಎಕ್ಸ್ಟ್ರಾ, ಒಬ್ಬೊಬ್ಬರ ಐಡಿ ಚೆಕ್‌ಗೆ ಎಕ್ಸ್ಟ್ರಾ, ಬ್ಯಾಂಕ್ ಟ್ರಾನ್ಸ್‌ಫರ್‌ಗೂ ಎಕ್ಸ್ಟ್ರಾ, ಎಲ್ಲ ಸೇರಿ ಸರ್ಚ್ ಬಿಟ್ಟೇ 1,600 ದಾಟ್ತು. ಒಂದು ಒಳ್ಳೇದು ಹೇಳ್ಲೇಬೇಕು, ಪೋರ್ಟಲ್ ಚೆನ್ನಾಗಿತ್ತು, ಮಗು ಮಲಗಿದ ಮೇಲೆ ರಾತ್ರಿ ಹನ್ನೊಂದಕ್ಕೆ ಕೂತು ಪೇಪರ್ ಅಪ್‌ಲೋಡ್ ಮಾಡ್ಬಹುದಿತ್ತು.

ಕಷ್ಟ ಆಗಿದ್ದು ಅಪ್ಪನ ದುಡ್ಡಿಂದ. ಮೈಸೂರಲ್ಲಿ ಒಂದು ಸೈಟ್ ಮಾರಿ ನಮ್ಮ ಡೆಪಾಸಿಟ್‌ಗೆ (ಸಾಲ ಬಿಟ್ಟು ನಾವು ಕೈಯಿಂದ ಹಾಕೋ ದುಡ್ಡಿಗೆ) ಅಂತ ಕಳಿಸಿದ್ರು. ಇಲ್ಲಿ ಮನಿ ಲಾಂಡರಿಂಗ್ ರೂಲ್ಸ್ ಪ್ರಕಾರ ದುಡ್ಡು ಎಲ್ಲಿಂದ ಬಂತು ಅಂತ ಸಾಲಿಸಿಟರ್ ಕೇಳ್ಲೇಬೇಕು, ಅದು ತಪ್ಪಲ್ಲ. ಆದ್ರೆ ನಮ್ಮ ಕ್ರಯಪತ್ರ ಪೂರ್ತಿ ಕನ್ನಡದಲ್ಲಿ. ಸರ್ಟಿಫೈಡ್ ಟ್ರಾನ್ಸ್‌ಲೇಷನ್ ಮಾಡ್ಸಿ ಹಾಕಿದ್ವಿ. ಆಗ ಹೆಸರಿನ ತಕರಾರು ಶುರು ಆಯ್ತು, ಪತ್ರದಲ್ಲಿ ಅಪ್ಪನ ಇನಿಷಿಯಲ್ ಹೆಸರಿನ ಮುಂದೆ, ಆಮೇಲೆ "ಬಿನ್" ಅಂತ ಅಜ್ಜನ ಹೆಸರು, ಬ್ಯಾಂಕ್ ಪಾಸ್‌ಬುಕ್ಕಲ್ಲಿ ಇನಿಷಿಯಲ್ ಹಿಂದೆ, ಪಾಸ್‌ಪೋರ್ಟಲ್ಲಿ ಊರಿನ ಹೆಸರೇ ಸರ್‌ನೇಮ್. ಮೂರೂ ಒಬ್ಬರೇ ಅಂತ ನಾನು ಒಂದು ಸಲ ಬಿಡಿಸಿ ಬರೆದೆ, ಕೇಸ್ ಹ್ಯಾಂಡ್ಲರ್ ಬದಲಾದ್ರು, ಹೊಸಬರು ಮತ್ತೆ ಮೊದಲಿಂದ ಕೇಳಿದ್ರು, ಅವರೂ ಬದಲಾದ್ರು. ಅಪ್ಪ ಎಪ್ಪತ್ತರ ವಯಸ್ಸಲ್ಲಿ ನೋಟರಿ ಹತ್ರ ಎರಡು ಸಲ ಓಡಾಡಿದ್ರು, "ನನ್ನ ದುಡ್ಡು ಕಳ್ಳ ದುಡ್ಡು ಅಂದ್ಕೊಂಡಿದಾರೇನಮ್ಮ" ಅಂತ ಕೇಳಿದಾಗ ನನಗೆ ಏನು ಹೇಳ್ಬೇಕು ಅಂತ ಗೊತ್ತಾಗ್ಲಿಲ್ಲ. ಮಾರ್ಗೇಜ್ ಆಫರ್ ಮುಗಿಯೋಕೆ ಹನ್ನೆರಡು ದಿನ ಇರೋವಾಗ ಕಂಪ್ಲೀಷನ್ ಆಯ್ತು.

2024ರಲ್ಲಿ ಫ್ಲಾಟ್ ಮಾರಿ ಟೆರೇಸ್ ಮನೆ (ಅಕ್ಕಪಕ್ಕ ಗೋಡೆ ಅಂಟಿಕೊಂಡಿರೋ ಸಾಲುಮನೆ) ತಗೊಂಡ್ವಿ. ಈ ಸಲ ನಡ್ಕೊಂಡು ಹೋಗೋ ದೂರದಲ್ಲಿರೋ ಆಫೀಸು. ಮೊದಲು ಕೇಳಿದ ಒಬ್ಬರೇ ನಡೆಸೋ ಫರ್ಮ್ ನಮ್ಮ ಬ್ಯಾಂಕಿನ ಪ್ಯಾನೆಲ್‌ನಲ್ಲಿ ಇರ್ಲಿಲ್ಲ, ಅದನ್ನ ಬಿಟ್ಟು ಪಕ್ಕದ ರಸ್ತೆಯವರಿಗೆ ಹೋದ್ವಿ. ಖರೀದಿಗೆ 1,650 ಜೊತೆಗೆ ವ್ಯಾಟ್, ಗಿಫ್ಟು, ಮಾರ್ಗೇಜು ಎಲ್ಲ ಒಳಗೇ, ಬಿಲ್ಲೂ ಅಷ್ಟೇ ಬಂತು. ಅಂದ್ರೆ ಆನ್‌ಲೈನ್‌ನವರಿಗೂ ಇವರಿಗೂ ಅಂಥ ವ್ಯತ್ಯಾಸವೇ ಇರ್ಲಿಲ್ಲ.

ಅಲ್ಲಿನ ಸಾಲಿಸಿಟರ್ ಮೇಡಂ ಮೊದಲ ದಿನವೇ ಎರಡು ವಿಷಯ ಕೇಳಿದ್ರು. ಇಂಡಿಯಾದಲ್ಲಿ ನಿಮ್ಮಿಬ್ಬರ ಹೆಸರಲ್ಲಿ ಮನೆ ಇದೆಯಾ? ನನ್ನ ಗಂಡ 2023ರಲ್ಲಿ ಮೈಸೂರಲ್ಲಿ ಫ್ಲಾಟ್ ತಗೊಂಡಿದ್ರು. ಸ್ಟ್ಯಾಂಪ್ ಡ್ಯೂಟಿಗೆ ಹೊರದೇಶದ ಮನೆಯೂ ಲೆಕ್ಕಕ್ಕೆ ಬರುತ್ತೆ, ನೀವು ಇರೋ ಮನೆ ಮಾರಿ ಇನ್ನೊಂದು ತಗೊಳ್ತಿರೋದ್ರಿಂದ ಎರಡನೇ ಮನೆಯ ಹೆಚ್ಚುವರಿ ಡ್ಯೂಟಿ ಬೀಳಲ್ಲ ಅಂತ ಬಿಡಿಸಿ ಹೇಳಿದ್ರು. ಬೆಂಗಳೂರಲ್ಲಿ ಫ್ಲಾಟ್ ಇಟ್ಕೊಂಡು ಇಲ್ಲಿ ಮೊದಲ ಮನೆ ತಗೊಳ್ಳೋರು ಇದನ್ನ ದಯವಿಟ್ಟು ಮೊದಲೇ ಕೇಳ್ಕೊಳ್ಳಿ, ಇಲ್ಲಿ ಇದು ಮೊದಲನೇದಾದ್ರೂ ಫಸ್ಟ್ ಟೈಮ್ ಬೈಯರ್ ರಿಯಾಯ್ತಿ ಸಿಗಲ್ಲ, ಹೆಚ್ಚುವರಿ ಡ್ಯೂಟಿಯೂ ಬೀಳುತ್ತೆ, ಅದು 2024ರ ಅಕ್ಟೋಬರ್ 31ರಿಂದ 3 ಇದ್ದಿದ್ದು 5 ಪರ್ಸೆಂಟ್ ಆಗಿದೆ. ಎರಡನೇದು ಅಪ್ಪ ಮತ್ತೆ ದುಡ್ಡು ಕೊಡ್ತಾರಾ ಅಂತ. ಕೊಡ್ತಾರೆ ಅಂದೆ. ಬೇಕಾದ ಪೇಪರ್‌ಗಳ ಪಟ್ಟಿ ಒಂದೇ ಹಾಳೆಯಲ್ಲಿ ಬರೆದು ಕೊಟ್ರು, ಹೆಸರಿನ ವಿಷಯಕ್ಕೆ ಒಂದು ಅಫಿಡವಿಟ್ ಸಾಕಾಯ್ತು, ಅಪ್ಪ ನೋಟರಿ ಹತ್ರ ಒಂದೇ ಸಲ ಹೋಗಿ ಬಂದ್ರು.

ಬ್ಯಾಂಕ್ ಡೀಟೇಲ್ಸ್ ಅವತ್ತೇ ಪೇಪರಲ್ಲಿ ಕೈಗೆ ಕೊಟ್ಟು, ಅಕೌಂಟ್ ಬದಲಾಗಿದೆ ಅಂತ ಮೇಲ್ ಬಂದ್ರೆ ನಂಬ್ಬೇಡಿ, ಆಫೀಸಿಗೆ ಫೋನ್ ಮಾಡಿ ಅಂದ್ರು. ನಾವು ಮೊದಲು 1 ಪೌಂಡ್ ಕಳಿಸಿ, ಬಂತಾ ಅಂತ ಕೇಳಿ, ಆಮೇಲೆ ಉಳಿದಿದ್ದು ಹಾಕಿದ್ವಿ.

ಇವರಲ್ಲೂ ಕೊರತೆ ಇಲ್ಲ ಅಂತಲ್ಲ. ಬುಧವಾರ ರಜಾ, ಮೇಲ್‌ಗೆ ಉತ್ತರ ಮೂರು ದಿನಕ್ಕೆ, ಅರ್ಧ ಪೇಪರ್ ಪೋಸ್ಟಲ್ಲೇ ಬರೋದು. ಅವಸರದಲ್ಲಿರೋರಿಗೆ ತಲೆ ಕೆಡುತ್ತೆ. ಆದ್ರೆ ಒಂದು ದಿನ ಕರೆದು ಟೈಟಲ್ ಪ್ಲಾನ್ (ಜಾಗದ ನಕ್ಷೆ) ಟೇಬಲ್ ಮೇಲೆ ಹರಡಿ, ಗಡಿ ತೋರಿಸೋ ಕೆಂಪು ಗೆರೆ ಮೇಲೆ ಪೆನ್ಸಿಲ್ ಇಟ್ಟು, ಹಿತ್ತಲ ಕೊನೆಗೆ ಬಂದಾಗ ನಿಲ್ಲಿಸಿದ್ರು. ಅಲ್ಲಿ ಒಂದು ಸಣ್ಣ ಪಟ್ಟಿಗೆ ಕಂದು ಬಣ್ಣ ಹಚ್ಚಿತ್ತು. ಪಕ್ಕದ ಮನೆಯವರಿಗೆ ಅಲ್ಲಿ ಓಡಾಡೋ ಹಕ್ಕಿದೆ, ನೀವು ಶೆಡ್ ಕಟ್ಟೋ ಯೋಚನೆ ಇದ್ರೆ ಈಗ್ಲೇ ಹೇಳಿ ಅಂದ್ರು. ನಿಜವಾಗ್ಲೂ ನನ್ನ ಗಂಡ ಅದೇ ಜಾಗದಲ್ಲಿ ಶೆಡ್ ಅಂದ್ಕೊಂಡಿದ್ರು. ಅವತ್ತು ರಾತ್ರಿ ಮಾತಾಡಿ, ಶೆಡ್ ಬೇಲಿ ಪಕ್ಕಕ್ಕೆ ಹಾಕೋಣ ಅಂತ ಒಪ್ಪಿ ಮುಂದುವರಿದ್ವಿ. ಈಗ ಕಸದ ದಿನ ಪಕ್ಕದ ಮನೆ ಅಜ್ಜಿ ಡಬ್ಬ ಎಳ್ಕೊಂಡು ನಮ್ಮ ಹಿತ್ತಲಲ್ಲೇ ಹೋಗ್ತಾರೆ, ನಾನೇ ಗೇಟ್ ತೆಗೀತೀನಿ.