ಸಿಗಡಿ, ಬಸವನಹುಳುವಿಗೆ ಸೌತೆಯೋ, ನುಗ್ಗೆಯೋ, ಒಣ ಎಲೆಯೋ?

ಅಕ್ವೇರಿಯಂಗೆ ಸೌತೆಕಾಯಿ ಹಾಕುವುದು ಸುಲಭ. ಬಸವನಹುಳುಗಳು ತಿರುಳು ಕೆರೆದು ಸಿಪ್ಪೆಯ ಉಂಗುರವಷ್ಟೇ ಉಳಿಸುತ್ತವೆ. ಆದರೆ ಅದು ಶೇ 95ರಷ್ಟು ನೀರೇ. ಮರುದಿನ ತೆಗೆಯದಿದ್ದರೆ ತೊಟ್ಟಿ ಕದಡುತ್ತದೆ. ನುಗ್ಗೆಸೊಪ್ಪಿನಲ್ಲಿ ಸತ್ವ ಹೆಚ್ಚು, ಕ್ಯಾಲ್ಸಿಯಂ ಕೂಡ ಉಂಟು. ಒಂದೆರಡು ನಿಮಿಷ ಕುದಿಸಿ ಹಾಕಿ. ನೀರು ತೀರಾ ಮೆದುವಾಗಿದ್ದರೆ, ಅಂದರೆ ಅದರಲ್ಲಿ ಖನಿಜಾಂಶ ಕಡಿಮೆಯಿದ್ದರೆ, ಬಸವನಹುಳುವಿನ ಚಿಪ್ಪು ಸವೆಯುತ್ತದೆ, ಆಗ ಸೊಪ್ಪೊಂದೇ ಸಾಲದು. ತೊಳೆದ ಮೊಟ್ಟೆಚಿಪ್ಪನ್ನೂ ಹಾಕಿ.

ಕಾಡುಬಾದಾಮಿಯ ಒಣ ಎಲೆ ವಾರಗಟ್ಟಲೆ ಇರುತ್ತದೆ. ಅದರ ಮೇಲೆ ಬೆಳೆಯುವ ಲೋಳೆಪದರವನ್ನು ಚೆರ್ರಿ ಸಿಗಡಿಗಳು ಹಗಲಿಡೀ ಮೇಯುತ್ತವೆ. ಮರಿಗಳಿಗಂತೂ ಇದೇ ಲೇಸು. ಸಿಗಡಿಯೇ ಹೆಚ್ಚಿದ್ದರೆ ಎಲೆ, ಬಸವನಹುಳು ಹೆಚ್ಚಿದ್ದರೆ ನುಗ್ಗೆ ಅಂತ ನಾನು ಹೇಳುತ್ತೇನೆ.

ತೀರ್ಥಹಳ್ಳಿ, ಸಾಗರದ ಕಡೆಯವರು ಮಾತ್ರ ಅಡಿಕೆ ತೋಟದ ಸೊಪ್ಪು, ಎಲೆ ತರಲೇಬೇಡಿ. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದಲ್ಲಿ ತಾಮ್ರವಿದೆ, ಅದು ಚೂರು ಸೇರಿದರೂ ಸಿಗಡಿಗೆ ವಿಷ.