ಎರಡನೇ ಅಲೆಯಲ್ಲಿ ಅಪ್ಪನ ಅಪೆಂಡಿಕ್ಸ್: ತುಮಕೂರಿನ ಆಸ್ಪತ್ರೆಯೊಂದರ ತುರ್ತು ಶಸ್ತ್ರಚಿಕಿತ್ಸಾ ಸೇವೆ

2021ರ ಮೇ ತಿಂಗಳ ಲಾಕ್‌ಡೌನ್ ದಿನಗಳಲ್ಲಿ, ಗುಬ್ಬಿ ತಾಲ್ಲೂಕಿನ ನಮ್ಮ ಹಳ್ಳಿಯಿಂದ ಅಪ್ಪನನ್ನು ಕರೆತಂದು ತುಮಕೂರಿನ ಖಾಸಗಿ ಆಸ್ಪತ್ರೆಯೊಂದಕ್ಕೆ ಸೇರಿಸಿದ್ದೆವು. ಅಲ್ಲಿನ ತುರ್ತು ಶಸ್ತ್ರಚಿಕಿತ್ಸಾ ವಿಭಾಗದ ಬಗ್ಗೆ ನನ್ನ ಅಭಿಪ್ರಾಯವಿದು.

ಹೊಕ್ಕುಳ ಸುತ್ತ ಶುರುವಾದ ನೋವು ಬಲಗಡೆ ಕಿಬ್ಬೊಟ್ಟೆಗೆ ಇಳಿದಿತ್ತು. ಆಸ್ಪತ್ರೆಗೆ ಹೋದರೆ ಕೊರೊನಾ ಅಂಟೀತೆಂಬ ಭಯದಲ್ಲಿ ನಾವು ಅದನ್ನು ಗ್ಯಾಸ್ಟ್ರಿಕ್ ಎಂದುಕೊಂಡು, ಮೆಡಿಕಲ್ ಸ್ಟೋರಿನ ಮಾತ್ರೆ, ಜೀರಿಗೆ ಕಷಾಯ ಕೊಡುತ್ತಾ ಎರಡು ದಿನ ಕಳೆದೆವು. ಮೂರನೇ ದಿನ ಬೆಳಿಗ್ಗೆ ನೋವು ಇಳಿದಂತಾದಾಗ ಸಮಾಧಾನವನ್ನೂ ಪಟ್ಟೆವು. ಅಪೆಂಡಿಕ್ಸ್ ಒಡೆದು ಒಳಗಿನ ಒತ್ತಡ ಇಳಿದಾಗ ಸ್ವಲ್ಪ ಹೊತ್ತು ಹಾಗೆ ಅನಿಸಬಹುದೆಂದು ಆಮೇಲೆ ಸರ್ಜನ್ ಹೇಳಿದರು. ಸಂಜೆಗೆ ಹೊಟ್ಟೆ ಹಲಗೆಯಂತೆ ಬಿಗಿದು ಜ್ವರ ಏರಿತ್ತು. ಮೊದಲು ಹೋದ ಆಸ್ಪತ್ರೆಯಲ್ಲಿ ಆರ್‌ಟಿ-ಪಿಸಿಆರ್ ವರದಿ ಇಲ್ಲದೆ ಗೇಟಿನೊಳಕ್ಕೇ ಬಿಡಲಿಲ್ಲ.

ಎರಡನೆಯ ಕಡೆ ಹಾಗಾಗಲಿಲ್ಲ ಎಂಬುದೇ ನಾನು ಇದನ್ನು ಬರೆಯಲು ಕಾರಣ. ಗಂಟಲ ದ್ರವ ತೆಗೆದುಕೊಂಡು, ವರದಿ ಬರುವವರೆಗೆ ಅಪ್ಪನನ್ನು ಸೋಂಕಿತರೆಂದೇ ಭಾವಿಸಿ, ಪಿಪಿಇ ಕಿಟ್ ತೊಟ್ಟು ಅದೇ ರಾತ್ರಿ ಆಪರೇಷನ್ ಮಾಡಿದರು. ಸಹಿ ಹಾಕಿಸಿಕೊಳ್ಳುವ ಮೊದಲು ಸರ್ಜನ್ ಅಪಾಯವನ್ನು ಮುಚ್ಚಿಡಲಿಲ್ಲ: 2020ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ 24 ದೇಶಗಳ ಅಧ್ಯಯನದಲ್ಲಿ, ಆಪರೇಷನ್ನಿನ ಆಸುಪಾಸಿನಲ್ಲಿ ಕೊರೊನಾ ತಗುಲಿದ್ದ 1,128 ರೋಗಿಗಳ ಪೈಕಿ ಶೇ 23.8ರಷ್ಟು ಮಂದಿ 30 ದಿನಗಳೊಳಗೆ ತೀರಿಕೊಂಡಿದ್ದರು, ಅರ್ಧದಷ್ಟು ಜನರಿಗೆ ಶ್ವಾಸಕೋಶದ ತೊಂದರೆ ಆಗಿತ್ತು. ಹರ್ನಿಯಾದಂಥದ್ದನ್ನು, ಕರುಳು ಅದರಲ್ಲಿ ಸಿಕ್ಕಿಕೊಂಡಿಲ್ಲದಿದ್ದರೆ, ಮುಂದೂಡಬಹುದು. ಹೊಟ್ಟೆಯಲ್ಲಿ ಕೀವು ಹರಡಿದವರನ್ನು ಮುಂದೂಡಲಾಗದು ಎಂದು ಅವರು ಬಿಡಿಸಿ ಹೇಳಿದರು. ನೆಗೆಟಿವ್ ವರದಿ ಕೈಗೆ ಬಂದದ್ದು ಆಪರೇಷನ್ ಮುಗಿದ ಮಾರನೇ ದಿನ ಮಧ್ಯಾಹ್ನ.

ಎರಡು ಮೂರು ದಿನದಲ್ಲಿ ಮನೆಗೆ ಬರಬಹುದಾಗಿದ್ದ ಕಾಯಿಲೆಗೆ ಒಂಬತ್ತು ದಿನ ಹಿಡಿಯಿತು. ಆ ತಡ ನಮ್ಮದು. ವಾರ್ಡಿನ ಸಿಸ್ಟರ್ ದಿನವೂ ಬೆಳಿಗ್ಗೆ, ಹೊಟ್ಟೆಯೊಳಗಿನ ದ್ರವ ನಳಿಕೆಯ ಮೂಲಕ ಬಂದು ತುಂಬುವ ಡ್ರೈನ್ ಚೀಲವನ್ನು ಬೆಳಕಿಗೆ ಹಿಡಿದು, ಎಷ್ಟು ಎಂ.ಎಲ್. ಎಂದು ಅದರ ಮೇಲಿನ ಬಿಳಿ ಪಟ್ಟಿಯಲ್ಲಿ ಬರೆಯುತ್ತಿದ್ದರು. ಮುಖ ಪೂರ್ತಿ ಮುಚ್ಚಿದ್ದರೂ ಅಪ್ಪನಿಗೆ ಗುರುತು ಸಿಗಲೆಂದು ಗೌನಿನ ಎದೆಯ ಮೇಲೆ ಮಾರ್ಕರ್‌ನಲ್ಲಿ ತಮ್ಮ ಹೆಸರು ಬರೆದುಕೊಂಡಿದ್ದರು.

ಕೊರತೆಗಳೂ ಇದ್ದವು. ಮೊದಲ ಎರಡು ದಿನ ಯಾರನ್ನೂ ಒಳಗೆ ಬಿಡಲಿಲ್ಲ. ಅದು ಸರಿಯೇ, ಆದರೆ ದಿನಕ್ಕೊಮ್ಮೆ ಬರುತ್ತಿದ್ದ ಫೋನು ಒಂದು ನಿಮಿಷಕ್ಕೇ ಮುಗಿಯುತ್ತಿತ್ತು, ಹೊರಗೆ ಬೇವಿನ ಮರದಡಿ ಕೂತ ಅಮ್ಮನಿಗೆ ಅದು ಏನೇನೂ ಸಾಲದಾಗಿತ್ತು. ಪಿಪಿಇ ಕಿಟ್ಟುಗಳ ಲೆಕ್ಕವನ್ನು ಬಿಲ್ಲಿನಲ್ಲಿ ಒಟ್ಟು ಮೊತ್ತವಾಗಿ ಮಾತ್ರ ತೋರಿಸಿದ್ದರು. ಕೇಳಿದ ಮೇಲೆ ಬಿಡಿ ಪಟ್ಟಿ ಕೊಟ್ಟು, ಎರಡು ಬಾರಿ ಸೇರಿದ್ದ ಒಂದು ಬಾಬ್ತನ್ನು ತೆಗೆದುಹಾಕಿದರು. ಹೊಲಿಗೆ ಬಿಚ್ಚಿಸಲು ಹೋದ ದಿನವೂ ಅದೇ ಸರ್ಜನ್ ಬಂದು ಗಾಯ ನೋಡಿದರು.