ಮೂರು ವಿಆರ್ ಡಬ್ಬಿ, ಒಂದು ಟಿವಿ, ಕಲಬುರಗಿ ಬಿಸಿಲು

ನಮ್ಮ ಮನೆಯಲ್ಲಿ ಟಿವಿ ಒಂದೇ. ಸಂಜೆ ಆರೂವರೆಯಿಂದ ಹತ್ತರ ತನಕ ಅದು ಅವ್ವನ ಧಾರಾವಾಹಿಗಳದ್ದು. ಕ್ರಿಕೆಟ್ ಇದ್ದ ದಿನ ಅಪ್ಪ ಅರ್ಧ ಗಂಟೆ ಕಾದು, ಆಮೇಲೆ ರಿಮೋಟು ಕಸಿದುಕೊಳ್ಳುತ್ತಾರೆ. ನನ್ನ ಪಾಳಿ ಬರುವಷ್ಟರಲ್ಲಿ ಎಲ್ಲರಿಗೂ ನಿದ್ದೆ, ಸೌಂಡ್ ಇಡುವ ಹಾಗಿಲ್ಲ. ಹಿಂಗಿದ್ದವನಿಗೆ ‘ಮುಖಕ್ಕೆ ಕಟ್ಟಿಕೊಂಡರೆ ನಿಮ್ಮದೇ ಥಿಯೇಟರ್’ ಅಂತ ಯಾರಾದರೂ ಹೇಳಿದರೆ ಬಿಡಲಿಕ್ಕಾಗುತ್ತದೆಯೇ? ಎರಡು ವರ್ಷದಲ್ಲಿ ಮೂರು ವಿಆರ್ ಡಬ್ಬಿ (ವರ್ಚುವಲ್ ರಿಯಾಲಿಟಿ, ಅಂದರೆ ಕಣ್ಣೆದುರು ಬೇರೆಯೇ ಲೋಕ ತೋರಿಸುವ ಹೆಡ್‌ಸೆಟ್) ಕಟ್ಟಿಕೊಂಡು ನೋಡಿದ್ದೇನೆ. ಒಂದು ಫೋನ್ ಸಿಕ್ಕಿಸುವ ಪ್ಲಾಸ್ಟಿಕ್ ಡಬ್ಬಿ, ಮೆಟಾ ಕಂಪನಿಯ ಒಂದು ಸೆಕೆಂಡ್ ಹ್ಯಾಂಡ್ ಕ್ವೆಸ್ಟ್ 2, ಅದೇ ಕಂಪನಿಯ ಒಂದು ಹೊಸ ಕ್ವೆಸ್ಟ್ 3ಎಸ್. ಕೊಂಡಿದ್ದು ಸಿನಿಮಾಕ್ಕೆಂದು, ಉಳಿದದ್ದು ಆಟಕ್ಕೆ.

ಫೋನ್ ಡಬ್ಬಿಯದು ಬೇಗ ಮುಗಿಸುತ್ತೇನೆ. ಸೂಪರ್ ಮಾರ್ಕೆಟ್ ಕಡೆ ಒಂದು ಮೊಬೈಲ್ ಅಂಗಡಿಯಲ್ಲಿ ಏಳು ನೂರಕ್ಕೆ ಸಿಕ್ಕಿತು. 2014ರಲ್ಲಿ ಗೂಗಲ್ ರಟ್ಟಿನಲ್ಲಿ ತೋರಿಸಿದ್ದ ಅದೇ ಉಪಾಯ: ಫೋನಿನ ಪರದೆಯನ್ನು ಎರಡು ಭಾಗ ಮಾಡಿ ಒಂದೊಂದು ಕಣ್ಣಿಗೆ ಒಂದೊಂದು ಕೊಡುವುದು. ತಲೆ ತಿರುಗಿಸಿದರೆ ಚಿತ್ರವೂ ತಿರುಗುತ್ತದೆ. ಆದರೆ ಮುಂದೆ ಬಾಗಿದರೆ ಇಡೀ ಜಗತ್ತೇ ನಮ್ಮ ಜೊತೆ ಮುಂದೆ ಬಾಗುತ್ತದೆ, ಅಲ್ಲಿಗೆ ಹೊಟ್ಟೆ ತೊಳಸಲು ಶುರು. ಅಪ್ಪನ ಫೋನ್ ಹಾಕಿದರೆ ಚಿತ್ರ ಅಲ್ಲಾಡಲೇ ಇಲ್ಲ, ಆ ಫೋನಿನಲ್ಲಿ ತಿರುಗುವುದನ್ನು ಅಳೆಯುವ ಗೈರೋಸ್ಕೋಪ್ ಇಲ್ಲ. ನನ್ನ ಫೋನ್ ಇಪ್ಪತ್ತು ನಿಮಿಷಕ್ಕೆ ರೊಟ್ಟಿ ಹಂಚಿನಂತೆ ಕಾದಿತ್ತು. ಈಗ ಸೋದರಳಿಯ ಅದರಲ್ಲಿ ಗೋಲಿ ಇಟ್ಟುಕೊಂಡಿದ್ದಾನೆ.

ಕ್ವೆಸ್ಟ್ 2 ಬಂದ ದಿನ ಬೇರೆಯೇ ಲೋಕ. ಇದರೊಳಗೇ ಪ್ರೊಸೆಸರ್, ಬ್ಯಾಟರಿ, ಸ್ಪೀಕರ್. ಕಂಪ್ಯೂಟರೂ ಬೇಡ, ವೈರೂ ಬೇಡ. ಮುಂದಿನ ನಾಲ್ಕು ಕ್ಯಾಮೆರಾ ಕೋಣೆಯನ್ನು ನೋಡುತ್ತಾ ನಾವು ಎಲ್ಲಿದ್ದೇವೆ ಅಂತ ಲೆಕ್ಕ ಹಾಕುತ್ತಿರುತ್ತವೆ. ಹಾಗಾಗಿ ಕೂತರೆ ಕೂತಂತೆ, ಬಗ್ಗಿದರೆ ಬಗ್ಗಿದಂತೆ. ನಾನು ಮೊದಲು ಮಾಡಿದ ಕೆಲಸ ಒಂದು ಮೇಜಿನ ಕೆಳಗೆ ತಲೆ ಹಾಕಿ ನೋಡಿದ್ದು. ಕೆಳಗೆ ಏನೂ ಇರಲಿಲ್ಲ, ಆದರೂ ಮೂರು ಸಲ ನೋಡಿದೆ. ಆ ಏಳು ನೂರರ ಡಬ್ಬಿಗೂ ಇದಕ್ಕೂ ಇರುವ ಫರಕು ಇಷ್ಟೇ, ಮತ್ತು ಆಟಕ್ಕೆ ಬೇಕಾದದ್ದೂ ಇಷ್ಟೇ.

ತೂಕದ ಮಾತು ಬೇರೆ. 503 ಗ್ರಾಂ, ಅಷ್ಟೂ ಮುಂದೆಯೇ. ಅರ್ಧ ಕೆಜಿ ತೊಗರಿಬೇಳೆಯ ಪೊಟ್ಟಣವನ್ನು ಮೂಗಿನ ಮೇಲೆ ಇಟ್ಟು ಇಲಾಸ್ಟಿಕ್ ಪಟ್ಟಿಯಲ್ಲಿ ಕಟ್ಟಿಕೊಂಡರೆ ಹೇಗೋ ಹಾಗೆ. ಆಟದಲ್ಲಿ ಕೈಕಾಲು ಆಡುತ್ತಿರುತ್ತವೆ, ತೂಕ ಮರೆತುಹೋಗುತ್ತದೆ. ಸಿನಿಮಾದಲ್ಲಿ ಸುಮ್ಮನೆ ಕೂತಿರುತ್ತೇವೆ, ಇಂಟರ್‌ವಲ್ಲಿನ ಹೊತ್ತಿಗೆ ಕೆನ್ನೆ ಮೂಳೆ ನೆನಪು ಮಾಡಿಕೊಡುತ್ತದೆ. ಪಟ್ಟಿಯ ಹಿಂಭಾಗಕ್ಕೆ ಹಳೇ ಕನ್ನಡಕದ ಚೀಲ ಹೊಲಿದು ಅದರಲ್ಲಿ ಪವರ್ ಬ್ಯಾಂಕ್ ಇಟ್ಟೆ. ಒಟ್ಟು ತೂಕ ಜಾಸ್ತಿಯಾಯಿತು, ಭಾರ ಕಡಿಮೆಯಾಯಿತು. ತಕ್ಕಡಿ ಹಿಡಿದು ಗೊತ್ತಿದ್ದವರಿಗೆ ಇದು ಹೊಸದಲ್ಲ. ಪವರ್ ಬ್ಯಾಂಕ್ ಹೇಗೂ ಬೇಕೇ ಬೇಕು, ಬ್ಯಾಟರಿ ಎರಡರಿಂದ ಮೂರು ತಾಸು ಬಂದರೆ ಹೆಚ್ಚು. ನಮ್ಮ ಸಿನಿಮಾಗಳು ಎರಡೂವರೆ ತಾಸು. ಕ್ಲೈಮ್ಯಾಕ್ಸಿನಲ್ಲಿ ವಿಲನ್ ಬಾಯಿ ತೆಗೆಯುವಷ್ಟರಲ್ಲಿ ಪರದೆ ಕಪ್ಪಾದದ್ದು ಒಂದಲ್ಲ, ಎರಡು ಸಲ.

ಇನ್ನು ಚಿತ್ರದ ಸ್ಪಷ್ಟತೆ. ಇಲ್ಲಿ ಜಾಹೀರಾತಿನ ಲೆಕ್ಕ ಬೇರೆ, ಕಣ್ಣಿನ ಲೆಕ್ಕ ಬೇರೆ. ಒಂದೊಂದು ಕಣ್ಣಿಗೆ 1832 × 1920 ಪಿಕ್ಸೆಲ್ ಅಂತ ಓದಿದಾಗ ನನಗೂ ‘ಅಬ್ಬಾ, ಫುಲ್ ಎಚ್‌ಡಿ’ ಅನ್ನಿಸಿತ್ತು. ಆದರೆ ಆ 1832 ಚುಕ್ಕಿ ನಮ್ಮ ಎದುರಿನ ಸುಮಾರು 96 ಡಿಗ್ರಿಗೆ ಹರಡಿಕೊಂಡಿವೆ, ಡಿಗ್ರಿಗೆ ಹತ್ತಿರ ಹತ್ತಿರ ಇಪ್ಪತ್ತು. ಥಿಯೇಟರಿನ ಮುಂದಿನ ಸಾಲಿನಲ್ಲಿ ಕೂತಂತೆ ಪರದೆಯನ್ನು 60 ಡಿಗ್ರಿಗೆ ಎಳೆದುಕೊಂಡರೆ ಆ ಸಿನಿಮಾಕ್ಕೆ ಸಿಗುವುದು ಸುಮಾರು 1200 ಪಿಕ್ಸೆಲ್ ಅಗಲ. 1920 ಅಗಲದ ಫೈಲನ್ನು ಅದರೊಳಗೆ ತುರುಕಬೇಕು. ಅದೇ ನಮ್ಮ ಪಡಸಾಲೆಯ 43 ಇಂಚಿನ ಫುಲ್ ಎಚ್‌ಡಿ ಟಿವಿ ಎಂಟು ಅಡಿ ದೂರದಿಂದ ಬರೀ 22 ಡಿಗ್ರಿ ಅಗಲ, ಆದರೆ ಡಿಗ್ರಿಗೆ 87 ಪಿಕ್ಸೆಲ್. ಅಂದರೆ ಟಿವಿ ಚಿಕ್ಕದು, ಚೂಪು. ಹೆಡ್‌ಸೆಟ್ ದೊಡ್ಡದು, ಮಬ್ಬು. ಇಂಗ್ಲಿಷ್ ಸಬ್‌ಟೈಟಲ್ ಇದ್ದ ಮಲಯಾಳಂ ಸಿನಿಮಾ ಹಾಕಿ ನೋಡಿ, ಐದು ನಿಮಿಷಕ್ಕೆ ಗೊತ್ತಾಗುತ್ತದೆ. ರಾತ್ರಿ ಸೀನು ಬಂದರೆ ಎಲ್‌ಸಿಡಿಯ ಕಪ್ಪು ಕಪ್ಪಾಗಿರುವುದಿಲ್ಲ, ಬೂದಿ. ಕಪ್ಪು ಹಿನ್ನೆಲೆಯ ಮೇಲೆ ಬಿಳಿ ಅಕ್ಷರ ಬಂದರೆ ಸುತ್ತ ಬೆಳಕಿನ ಗೆರೆಗಳು. ಬಳೆ ಬಳೆಯಾಗಿ ಕೊರೆದ ಫ್ರೆನೆಲ್ ಲೆನ್ಸಿನ ಹುಟ್ಟುಗುಣ ಅದು.

ಒಂದು ಸಂಗತಿ ಮೊದಲೇ ಗೊತ್ತಿದ್ದರೆ ನನಗೆ ಒಂದು ತಿಂಗಳ ತಲೆನೋವು ಉಳಿಯುತ್ತಿತ್ತು. ಲೆನ್ಸುಗಳ ಮಧ್ಯದ ಅಂತರ 58, 63, 68 ಮಿಲಿಮೀಟರ್, ಮೂರೇ ಹಂತ. ಕನ್ನಡಿ ಮುಂದೆ ನಿಂತು ಹುಬ್ಬಿನ ಕೆಳಗೆ ಸ್ಕೇಲ್ ಹಿಡಿದು ಕಣ್ಣುಪಾಪೆಗಳ ನಡುವಿನ ಅಂತರ ಅಳೆದುಕೊಂಡೆ, 64 ಬಂತು. ನಡುವಿನ ಹಂತಕ್ಕೆ ತಳ್ಳಿದ ಮೇಲೆ ಚಿತ್ರ ಕೂತಿತು.

ಈಗ ಬಿಸಿಲಿನ ಕತೆ.

ಏಪ್ರಿಲ್ ಕೊನೆ. ಕಲಬುರಗಿಯಲ್ಲಿ ಆ ಹೊತ್ತಿನಲ್ಲಿ ಆಟ ಆಡಿದರೆ ಮುಖದ ಸ್ಪಂಜು ಹಿಂಡಿದರೆ ನೀರು ಬರುತ್ತದೆ. ವಾಸನೆಯೂ ಹಾಗೇ. ಅವತ್ತು ಅವ್ವ ಮಾಳಿಗೆ ಮೇಲೆ ಸಂಡಿಗೆ ಹಾಕಿದ್ದಳು, ಪಕ್ಕದಲ್ಲಿ ಕೆಂಪು ಮೆಣಸಿನಕಾಯಿ ಹರವಿದ್ದಳು. ನಾನು ಡ್ಯೂಟಿಯಿಂದ ಬಂದು ಹೆಡ್‌ಸೆಟ್ ಎಲ್ಲಿ ಅಂದರೆ, ‘ಬೆವರಿನ ವಾಸ್ನಿ ಹೊಡೀಲತ್ತಿತ್ತಪಾ, ಬಿಸಿಲಿಗಿ ಇಟ್ಟೀನಿ’ ಅಂದಳು. ಓಡಿದೆ. ಸಂಡಿಗೆ ಸಾಲಿನ ಕೊನೆಯಲ್ಲಿ, ಹಳೇ ಸೀರೆಯ ಮೇಲೆ, ಎರಡೂ ಲೆನ್ಸು ಆಕಾಶ ನೋಡುತ್ತಾ ಅಂಗಾತ ಮಲಗಿತ್ತು. ಚಿಕ್ಕವರಿದ್ದಾಗ ಭೂತಗನ್ನಡಿ ಹಿಡಿದು ಕಾಗದ ಸುಟ್ಟಿದ್ದೇವಲ್ಲ, ಅದೇ ಕೆಲಸ. ಲೆನ್ಸು ಸೂರ್ಯನನ್ನು ಒಂದು ಬಿಂದುವಿಗೆ ತಂದು ಒಳಗಿನ ಪರದೆಯ ಮೇಲೆ ಕೂರಿಸುತ್ತದೆ. ಕೆಲವೇ ನಿಮಿಷ ಸಾಕು. ಹಾಕಿಕೊಂಡು ನೋಡಿದರೆ ಬಲಗಣ್ಣಿನಲ್ಲಿ, ನಡುಮಧ್ಯಕ್ಕಿಂತ ತುಸು ಮೇಲೆ, ಕಡಲೆಕಾಳಿನಷ್ಟು ಹಳದಿ ಮಚ್ಚೆ. ರಿಪೇರಿ ಅಂಗಡಿಯವ ಪರದೆ ಬದಲಿಸುವ ಖರ್ಚು ಹೇಳಿದ, ನಾನು ಡಬ್ಬಿ ಎತ್ತಿಕೊಂಡು ಮನೆಗೆ ಬಂದೆ. ಅವ್ವ ಎರಡು ದಿನ ಮಾತಾಡಲಿಲ್ಲ. ನಾನು ಬೈದಿದ್ದಕ್ಕಲ್ಲ, ಬೈಯದೆ ಇದ್ದದ್ದಕ್ಕೆ.

ಈ ಮಚ್ಚೆಯೇ ನನಗೆ ಸಿನಿಮಾ ಮತ್ತು ಆಟದ ನಡುವಿನ ವ್ಯತ್ಯಾಸ ತೋರಿಸಿಕೊಟ್ಟಿತು. ಸಿನಿಮಾ ಹಾಕಿದರೆ ಅದು ನಾಯಕನ ಹಣೆಗೆ ಗಂಧ ಹಚ್ಚಿದಂತೆ ಕೂತುಬಿಡುತ್ತಿತ್ತು, ಬೇರೇನೂ ಕಾಣುತ್ತಿರಲಿಲ್ಲ. ಬೀಟ್ ಸೇಬರ್ ಹಾಕಿದರೆ? ಎದುರಿನಿಂದ ಹಾರಿ ಬರುವ ಪೆಟ್ಟಿಗೆಗಳನ್ನು ತಾಳಕ್ಕೆ ತಕ್ಕಂತೆ ಕತ್ತರಿಸುವ ಆಟ ಅದು. ಎರಡನೇ ಹಾಡಿಗೆ ಮಚ್ಚೆ ಇದೆ ಅನ್ನುವುದೇ ಮರೆತುಹೋಯಿತು. ಆಟದಲ್ಲಿ ಕಣ್ಣು ಓಡುತ್ತಿರುತ್ತದೆ, ಪಿಕ್ಸೆಲ್ ಎಣಿಸುವುದಿಲ್ಲ.

ಅಷ್ಟರಲ್ಲಿ ಅಮೆರಿಕದಲ್ಲಿರುವ ಭಾವ ರಜೆಗೆ ಬರುವವರಿದ್ದರು. ಕ್ವೆಸ್ಟ್ 3ಎಸ್ 2024ರ ಅಕ್ಟೋಬರಿನಲ್ಲಿ ಬಂದದ್ದು, ಅಲ್ಲಿ 128 ಜಿಬಿಯದರ ಬೆಲೆ 299 ಡಾಲರ್ ಇಟ್ಟಿದ್ದರು. ತರಿಸಿಕೊಂಡೆ. ಮೊದಲ ರಾತ್ರಿ ಎರಡನ್ನೂ ಪಕ್ಕದಲ್ಲಿಟ್ಟು, ಒಂದೇ ಸಿನಿಮಾದ ಒಂದೇ ಸೀನನ್ನು ಒಂದರ ಮೇಲೊಂದು ನೋಡಿದೆ. ಮಚ್ಚೆ ಬಿಟ್ಟರೆ ಚಿತ್ರ ಅದೇ! ಆಮೇಲೆ ವಿವರ ತೆಗೆದು ನೋಡಿದರೆ ಪಿಕ್ಸೆಲ್ ಲೆಕ್ಕ ಅದೇ 1832 × 1920, ಲೆನ್ಸು ಅದೇ ಫ್ರೆನೆಲ್, ಅಂತರದ ಹಂತ ಅವೇ ಮೂರು. ತೂಕ 514 ಗ್ರಾಂ, ಹನ್ನೊಂದು ಗ್ರಾಂ ಹೆಚ್ಚೇ. ಸಿನಿಮಾ ನೋಡುವುದಕ್ಕೆಂದು ಕ್ವೆಸ್ಟ್ 2 ಇರುವವರು 3ಎಸ್ ಕೊಂಡರೆ ಹಳೇ ಚಾದರಕ್ಕೆ ಹೊಸ ಗಲೀಫು ಹಾಕಿದಂತೆ.

ಆಟಕ್ಕೆ ಮಾತ್ರ ಇದು ಬೇರೆ ಎತ್ತು. ಸ್ನ್ಯಾಪ್‌ಡ್ರಾಗನ್ ಎಕ್ಸ್‌ಆರ್2 ಜೆನ್ 2, 8 ಜಿಬಿ ರ್‍ಯಾಮ್. ದುಬಾರಿ ಕ್ವೆಸ್ಟ್ 3ರಲ್ಲಿ ಇರುವುದೂ ಇದೇ ಚಿಪ್. ‘ಬ್ಯಾಟ್‌ಮನ್: ಅರ್ಕಮ್ ಶ್ಯಾಡೋ’ ತರಹದ ಆಟ ಹಳೇ ಕ್ವೆಸ್ಟ್ 2ರಲ್ಲಿ ಬರುವುದೇ ಇಲ್ಲ, ಇನ್ನು ಮುಂದೆ ಬರುವ ದೊಡ್ಡ ಆಟಗಳೂ ಅದನ್ನು ಬಿಟ್ಟೇ ಬರುತ್ತವೆ. ನನಗೆ ಇನ್ನೂ ಹಿಡಿಸಿದ್ದು ಹೊರಗಿನದನ್ನು ಬಣ್ಣದಲ್ಲಿ ತೋರಿಸುವ ಕ್ಯಾಮೆರಾ. ಕ್ವೆಸ್ಟ್ 2ರಲ್ಲಿ ಹೊರಗೆ ಇಣುಕಿದರೆ ಮನೆಯವರೆಲ್ಲ ಹಳೇ ಕಪ್ಪುಬಿಳುಪು ಫೋಟೋದಲ್ಲಿ ಇದ್ದಂತೆ ಕಾಣುತ್ತಿದ್ದರು. ಇದರಲ್ಲಿ ಚಹಾದ ಕಪ್ ಎಲ್ಲಿದೆ ಅಂತ ನೋಡಿ, ಎತ್ತಿ, ಕುಡಿದು ಇಡಬಹುದು. ಕುಡಿಯುವಾಗ ಕಪ್ ಈ ಡಬ್ಬಿಗೆ ತಾಗುತ್ತದೆ, ಅದು ಬೇರೆ.

ಆಡುವ ಜಾಗ ಎರಡು ಮೀಟರಿಗೆ ಎರಡು ಮೀಟರ್ ಇದ್ದರೆ ಒಳ್ಳೆಯದು. ಸೋಫಾ ಸರಿಸಿದರೆ ನಮ್ಮ ಪಡಸಾಲೆಯಲ್ಲಿ ಅಷ್ಟು ಸಿಗುತ್ತದೆ. ಕೆಳಗೆ ಶಹಾಬಾದ್ ಫರ್ಸಿ, ಬರಿಗಾಲಿಗೆ ತಂಪು. ಮೇಲೆ ಫ್ಯಾನ್, ಅದರ ಕೆಳಗೆ ಕೈ ಎತ್ತುವ ಆಟ ಬೇಡ. ಟೇಬಲ್ ಟೆನಿಸ್ ಆಟ ಎಷ್ಟು ನಿಜವಾಗಿದೆಯೆಂದರೆ, ಸೋದರಳಿಯ ಗೇಮ್ ಗೆದ್ದ ಖುಷಿಗೆ ಬ್ಯಾಟನ್ನು ಟೇಬಲ್ ಮೇಲೆ ಇಟ್ಟ. ಟೇಬಲ್ ಇರಲಿಲ್ಲ. ಕೈಯಲ್ಲಿ ಹಿಡಿದಿದ್ದ ಕಂಟ್ರೋಲರ್ ಫರ್ಸಿಗೆ ಬಿದ್ದ ಸಪ್ಪಳಕ್ಕೆ ಅಡುಗೆಮನೆಯಿಂದ ಅಕ್ಕ ಓಡಿಬಂದಳು. ಅವತ್ತಿನಿಂದ ಮಣಿಕಟ್ಟಿಗೆ ಪಟ್ಟಿ ಹಾಕದವರಿಗೆ ಆಟ ಇಲ್ಲ.

ಹೈದರಾಬಾದಿನವರು ಮಾಡಿದ ಐಬಿ ಕ್ರಿಕೆಟ್ ಅಪ್ಪನಿಗಾಗಿ ಹಾಕಿಸಿದೆ. ಬೌಲರ್ ಓಡಿ ಬರುವಾಗ ಅವರು ನಿಜವಾಗಿಯೂ ಲುಂಗಿ ಮೇಲೆ ಕಟ್ಟಿಕೊಂಡರು. ಮೂರು ಓವರ್ ಆದ ಮೇಲೆ ‘ಸಾಕು, ತಲಿ ತಿರಗಲತ್ತದ’ ಅಂತ ಕೂತರು, ಮರುದಿನ ಮತ್ತೆ ಕೇಳಿದರು. ತಲೆ ಸುತ್ತುವುದಕ್ಕೆ ನನ್ನ ಅನುಭವ: ನಿಂತಲ್ಲೇ ಆಡುವ ಆಟಗಳಲ್ಲಿ ಕಡಿಮೆ, ಬೆರಳಿನಿಂದ ಕಂಟ್ರೋಲರಿನ ಕೋಲು ತಳ್ಳಿ ನಡೆಯುವ ಆಟಗಳಲ್ಲಿ ಭಾಳ. ಕಣ್ಣು ನಡೆದೆ ಅನ್ನುತ್ತದೆ, ಕಿವಿಯೊಳಗಿನ ಸಮತೋಲ ನಿಂತಿದ್ದೇನೆ ಅನ್ನುತ್ತದೆ, ಜಗಳ ಹೊಟ್ಟೆಯಲ್ಲಿ. ಕೂಲರ್ ಮುಂದೆ ನಿಂತು ಆಡಿದರೆ ಎರಡು ಲಾಭ. ಬೆವರು ಆರುತ್ತದೆ, ಲೆನ್ಸಿಗೆ ಹಬೆ ಹಿಡಿಯುವುದಿಲ್ಲ; ಗಾಳಿ ಮುಖಕ್ಕೆ ಬಡಿಯುತ್ತಿದ್ದರೆ ನಾನಿನ್ನೂ ಕೂಲರ್ ಕಡೆಗೇ ಇದ್ದೇನೆ, ಟಿವಿ ಕಡೆ ತಿರುಗಿಲ್ಲ ಅಂತ ಗೊತ್ತಾಗುತ್ತದೆ. ಮಕ್ಕಳ ವಿಷಯದಲ್ಲಿ ಕಂಪನಿಯೇ ಹತ್ತು ವರ್ಷದ ಗೆರೆ ಎಳೆದಿದೆ, ಸೋದರಳಿಯನ ತಂಗಿಗೆ ಇನ್ನೆರಡು ವರ್ಷ ಕಾಯುವುದಿದೆ. ಆಟಗಳಿಗೆ ಬೇರೆ ದುಡ್ಡು ಬೇಕು ಅನ್ನುವುದನ್ನು ಮರೆಯಬೇಡಿ, ಒಳ್ಳೆಯವು ಎಷ್ಟೋ ಇಪ್ಪತ್ತು ಮೂವತ್ತು ಡಾಲರಿನವು.

ಹಾಗಾದರೆ ಸಿನಿಮಾ ಪೂರ್ತಿ ದಂಡವೇ? ಎರಡು ಕಡೆ ಇಲ್ಲ. ಒಂದು, ತ್ರೀಡಿ. ಥಿಯೇಟರಿನ ತ್ರೀಡಿ ಕನ್ನಡಕ ಬೆಳಕು ನುಂಗಿಬಿಡುತ್ತದೆ. ಇಲ್ಲಿ ಒಂದೊಂದು ಕಣ್ಣಿಗೆ ಬೇರೆ ಬೇರೆ ಚಿತ್ರವೇ ಬರುವುದರಿಂದ ಆ ಕತ್ತಲೆ ಇಲ್ಲ. ಎರಡು, ಬೇಸಿಗೆಯ ಮಾಳಿಗೆ. ರಾತ್ರಿ ಹನ್ನೊಂದಕ್ಕೆ ಹಾಸಿಗೆ ಬಿಡಿಸಿ, ತಲೆದಿಂಬಿಗೆ ತಲೆ ಕೊಟ್ಟು, ಪರದೆಯನ್ನು ಆಕಾಶದಲ್ಲಿ ನಿಲ್ಲಿಸಿಕೊಂಡು ನೋಡಿದರೆ ತೊಗರಿಬೇಳೆಯ ಭಾರ ದಿಂಬಿಗೆ ಹೋಗುತ್ತದೆ. ಹಿಂದಿನ ಪವರ್ ಬ್ಯಾಂಕ್ ಚೀಲ ಮಾತ್ರ ಬಿಚ್ಚಿಡಬೇಕು. ಕತ್ತಲಲ್ಲಿ ಕ್ಯಾಮೆರಾಗಳಿಗೆ ದಾರಿ ತಪ್ಪುತ್ತದೆ, ಕ್ವೆಸ್ಟ್ 2 ಪದೇ ಪದೇ ದೂರು ಹೇಳುತ್ತಿತ್ತು. ಸೆಟ್ಟಿಂಗಿನಲ್ಲಿ ಟ್ರ್ಯಾಕಿಂಗ್ (ನಾವು ಎಲ್ಲಿದ್ದೇವೆ ಅಂತ ಲೆಕ್ಕ ಹಾಕುವ ಕೆಲಸ) ಆರಿಸಿಟ್ಟರೆ ಸುಮ್ಮನಾಯಿತು. ಸಿನಿಮಾಕ್ಕೆ ಅದು ಬೇಡವೂ ಬೇಡ. ಸಿನಿಮಾ ಫೋನಿನಿಂದ ಮೊದಲೇ ಫೈಲಾಗಿ ಹಾಕಿಟ್ಟುಕೊಂಡಿದ್ದರೆ ಕರೆಂಟ್ ಹೋಗಿ ವೈಫೈ ಸತ್ತರೂ ನಡೆಯುತ್ತದೆ. ನೆಟ್‌ಫ್ಲಿಕ್ಸ್ 2024ರಲ್ಲಿ ಕ್ವೆಸ್ಟಿನಿಂದ ತನ್ನ ಆ್ಯಪ್ ತೆಗೆದು ಎಲ್ಲರನ್ನೂ ಬ್ರೌಸರಿಗೆ ಕಳಿಸಿದೆ.

ಹೈದರಾಬಾದಿನಲ್ಲಿ ಗೆಳೆಯನ ಕ್ವೆಸ್ಟ್ 3 ಒಂದು ತಾಸು ಹಾಕಿಕೊಂಡಿದ್ದೆ. ಫ್ರೆನೆಲ್ ಬದಲು ತೆಳ್ಳಗಿನ ಪ್ಯಾನ್‌ಕೇಕ್ ಲೆನ್ಸು, ಒಂದೊಂದು ಕಣ್ಣಿಗೆ 2064 × 2208 ಪಿಕ್ಸೆಲ್. ಅಂಚಿನ ತನಕ ಅಕ್ಷರ ಓದಬಹುದು. ಸಿನಿಮಾಕ್ಕೆ ಕೊಳ್ಳುವುದಾದರೆ ಅದು, ಆದರೆ ಅದು ಈ ಬರಹದ ಬಜೆಟ್ಟಲ್ಲ.

ಮೊನ್ನೆ ಆಫೀಸಿನಲ್ಲಿ ಒಬ್ಬರು ಕೇಳಿದರು, ‘ನಮ್ಮ ಮನ್ಯಾಗ ಐದು ಮಂದಿ ಇದ್ದೀವ್ರೀ, ಸಿನಿಮಾ ನೋಡ್ಲಾಕ ಇದು ತಗೋಬೌದೇನ್ರಿ?’ ಐದು ಮಂದಿಗೆ ಟಿವಿ ತಗೊಳ್ಳಿರಿ ಅಂದೆ. ದೊಡ್ಡ ಮಗನಿಗೆ ಹದಿಮೂರಂತೆ, ಆಟದ ಹುಚ್ಚಂತೆ. ಹಾಗಾದರೆ 3ಎಸ್, ಹಳೆಯದಲ್ಲ. ಮಚ್ಚೆಯ ಕ್ವೆಸ್ಟ್ 2 ಕಡಿಮೆಗೆ ಕೊಡುತ್ತೀರಾ ಅಂತಲೂ ಕೇಳಿದರು. ಕೊಡುವ ಹಾಗಿಲ್ಲ. ಅಪ್ಪ ಈಗ ಮಚ್ಚೆ ನೋಡಿಯೇ ಬಾಲು ಎಲ್ಲಿ ಬೀಳುತ್ತದೆ ಅಂತ ಅಂದಾಜು ಮಾಡುತ್ತಾರೆ. ಹೊಸದು ಮಾತ್ರ ಕಬ್ಬಿಣದ ಕಪಾಟಿನಲ್ಲಿ, ಅವ್ವನೇ ಹೊಲಿದ ದಪ್ಪ ಬಟ್ಟೆಯ ಚೀಲದೊಳಗೆ, ಲೆನ್ಸು ಕೆಳಮುಖವಾಗಿ.